ಹಂಗಳದಮ್ಮ ಮಣೆಯ ಮೇಲೆ ಕುಳಿತದ್ದು

ಅವರು ಬಂದದ್ದು ತಮ್ಮ ಕಾಯಿಲೆ ತೋರಿಸಲು ಅಲ್ಲ. ಸೊಸೆಗೆ ಹೆರಿಗೆಯಾಗಿ ಒಂದೂವರೆ ತಿಂಗಳಾಗಿತ್ತು, ಅವಳನ್ನೂ ಮಗುವನ್ನೂ ನನಗೆ ತೋರಿಸಲು ಹಂಗಳವೆಂಬ ಊರಿನಿಂದ ಕರೆತಂದಿದ್ದರು. ಆಗ ನಾನು ಚಾಮರಾಜನಗರದ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು. ಗುರುವಾರಕ್ಕೊಮ್ಮೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಅಲ್ಲಿಯ ಹೆಂಗಸರನ್ನು ನೋಡಿ ಬರಬೇಕಿತ್ತು. ಕನ್ನಡ ನಾಡು ಒಂದಾಗುವ ಹಿಂದಿನ ವರ್ಷದ ಮಾತು. ಅಂಥ ಒಂದು ಗುರುವಾರ, ಬೆಳಗಿನಿಂದ ನಿಂತೇ ಇದ್ದೆ. ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸಕ್ಕೆ ಒತ್ತುತ್ತಿತ್ತು. ಸೊಸೆ, ಮಗು ಇಬ್ಬರೂ ಚೆನ್ನಾಗಿದ್ದರು. ಹೋಗಿಬನ್ನಿ ಎಂದೆ. ಸೊಸೆ ಹೊರಗೆ ಹೋದಳು, ಅತ್ತೆ ಹೋಗಲಿಲ್ಲ. ಬಾಗಿಲನ್ನು ತಾವೇ ಮುಂದಕ್ಕೆ ಮಾಡಿ ಬಂದರು.

"ನನ್ನೂ ಒಸಿ ನೋಡ್ಬುಡಿ ಡಾಕ್ಟ್ರಮ್ಮ. ಮೂಲವ್ಯಾಧಿ ಇರ್ಬೇಕು" ಎಂದರು.

ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ಈರುಳ್ಳಿ ವ್ಯಾಪಾರ ಎರಡನ್ನೂ ಮಗನ ಕೈಹಿಡಿದು ನಡೆಸಿದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಆಸ್ಪತ್ರೆಯವರೆಲ್ಲ ಕೊನೆಗೆ ಅವರನ್ನು ಹಂಗಳದಮ್ಮ ಎಂದೇ ಕರೆದದ್ದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಮೂಲವ್ಯಾಧಿ ಇರಲಿಲ್ಲ. ಗುದದ ಸುತ್ತ, ಹಿಂದಕ್ಕೂ ಮುಂದಕ್ಕೂ ಹಬ್ಬಿದ ಒಂದು ಕೆಂಪು ಪಟ್ಟೆ. ಅಂಚು ಸ್ಪಷ್ಟ, ಮೇಲ್ಮೈ ಒದ್ದೆ, ಅಲ್ಲಲ್ಲಿ ಬಿಳಿಯ ಸಿಪ್ಪೆ. ಆರು ವರ್ಷದಿಂದ ತುರಿಕೆಯಂತೆ. ಬೇವಿನೆಣ್ಣೆ ಹಚ್ಚಿದ್ದರು, ಗಂಧಕ ಹಚ್ಚಿದ್ದರು, ಯಾರೋ ಕೊಟ್ಟ ಕಪ್ಪು ಲೇಪ ಹಚ್ಚಿ ಸುಟ್ಟುಕೊಂಡಿದ್ದರು. ನನಗೆ ಅದು ಹಳೆಯ ಇಸುಬಿನಂತೆ ಕಂಡಿತು. ನೇರಳೆ ಔಷಧಿ, ಒಂದು ಮುಲಾಮು ಕೊಟ್ಟು, ಇಷ್ಟು ವರ್ಷ ಯಾರಿಗೂ ಹೇಳದೆ ಕೂತಿದ್ದಕ್ಕೆ ಚೆನ್ನಾಗಿ ಬೈದು ಕಳಿಸಿದೆ. ಬೈಯುವುದು ನನ್ನ ಹಳೆಯ ಚಾಳಿ. ಆಮೇಲೆ ಒಂದು ತಿಂಗಳು ಪ್ರತಿ ಗುರುವಾರ ಬಂದರು. ನೇರಳೆ ಬಣ್ಣ ಬಟ್ಟೆಗೆ ಹತ್ತಿತು, ಪಟ್ಟೆ ಒಂದು ಕೂದಲಿನಷ್ಟೂ ಹಿಂದಕ್ಕೆ ಸರಿಯಲಿಲ್ಲ. ಆ ತಿಂಗಳು ನಾನು ಕಳೆದದ್ದು, ಅವರಲ್ಲ.

ಐದನೆಯ ಗುರುವಾರ ವಾಪಸು ಬರುವಾಗ ತೆರಕಣಾಂಬಿಯ ಬಳಿ ಬಸ್ಸು ಕೆಟ್ಟು ನಿಂತಿತು. ಸುಮ್ಮನೆ ಕುಳಿತಿದ್ದಾಗ ಓದುವ ಕಾಲದಲ್ಲಿ ನೋಡಿದ್ದ ಒಂದು ಮೊಲೆ ನೆನಪಿಗೆ ಬಂತು. ಮೊಲೆತೊಟ್ಟಿನ ಸುತ್ತ ಇಸುಬಿನಂತೆ ಕಾಣುವ, ವಾಸಿಯಾಗದ ಕೆಂಪು, ಅದೇ ಅಂಚು, ಅದೇ ಒದ್ದೆ. ಅದು ಇಸುಬಲ್ಲ, ಚರ್ಮದೊಳಗೆ ಮೆಲ್ಲಗೆ ಹರಡುವ ಒಂದು ಬಗೆಯ ಕ್ಯಾನ್ಸರು. ಗುದದ ಸುತ್ತಲೂ ಅಪರೂಪಕ್ಕೆ ಬರುತ್ತದೆಂದು ಪುಸ್ತಕದಲ್ಲಿ ಒಂದು ಸಾಲಿತ್ತು. ಆ ಸಾಲು ಯಾವ ಪುಟದ ಯಾವ ಮೂಲೆಯಲ್ಲಿತ್ತೆಂಬುದೂ ನೆನಪಾಯಿತು.

ಮುಂದಿನ ವಾರ ಅಂಚಿನಿಂದ ಒಂದು ಚೂರು ತೆಗೆದು, ಫಾರ್ಮಲಿನ್ ಇದ್ದ ಸಣ್ಣ ಸೀಸೆಯಲ್ಲಿಟ್ಟು ಮೈಸೂರಿಗೆ ರೈಲಿನಲ್ಲಿ ಕಳಿಸಿದೆ. ಅಲ್ಲಿ ನನಗೆ ಪಾಠ ಹೇಳಿದ್ದ ಪ್ರೊಫೆಸರು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಕಾಗದ ಹತ್ತು ದಿನದ ಮೇಲೆ ಬಂತು. ನನ್ನ ಅನುಮಾನ ಸರಿಯಾಗಿತ್ತು. ತಮ್ಮ ಇಡೀ ವೃತ್ತಿಯಲ್ಲಿ ಆ ಜಾಗದಲ್ಲಿ ಇದನ್ನು ಒಮ್ಮೆ ಮಾತ್ರ ನೋಡಿದ್ದೇನೆ ಎಂದು ಅವರು ಬರೆದಿದ್ದರು. ಕರುಳಿನೊಳಗೆ ಬೇರೆ ಗೆಡ್ಡೆ ಇದೆಯೇ ನೋಡು, ಕಣ್ಣಿಗೆ ಕಾಣುವ ಅಂಚಿಗಿಂತ ಆಚೆಗೆ ಧಾರಾಳವಾಗಿ ತೆಗೆ, ಮೊದಲು ಮಲ ಹೊರಬರಲು ಹೊಟ್ಟೆಯ ಮೇಲೆ ಕರುಳಿಗೆ ಬೇರೆ ದಾರಿ ಮಾಡಿ ಗಾಯವನ್ನು ಶುಚಿಯಾಗಿಡು, ಇಲ್ಲವಾದರೆ ಇಲ್ಲಿಗೇ ಕಳಿಸು ಎಂದಿದ್ದರು. ಬೆರಳಿನಿಂದಲೂ ಕೊಳವೆಯಿಂದಲೂ ಒಳಗೆ ನೋಡಿದೆ. ಗೆಡ್ಡೆ ಇರಲಿಲ್ಲ. ಅಷ್ಟು ಸಮಾಧಾನ.

ಮೈಸೂರಿಗೆ ಹೋಗಿ ಎಂದು ನಾನು ಹೇಳಿದ್ದು ನಿಜ. ಗಂಡಸು ಡಾಕ್ಟರಿಗೆ ತೋರಿಸುವುದಿಲ್ಲ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಹೆರಿಗೆಯಲ್ಲಿ ಹರಿದುಹೋದ ಎಷ್ಟೋ ಹೆಂಗಸರನ್ನು ಅದೇ ಜಾಗದಲ್ಲಿ ಹೊಲಿದು ಸರಿಮಾಡಿದ್ದೆ. ನನ್ನಿಂದ ಆಗುತ್ತದೆ ಎಂಬ ಜಂಬ ಒಳಗೆ ಇತ್ತು, ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಹೊಟ್ಟೆಯ ಮೇಲೆ ದಾರಿ ಮಾಡುವ ಮಾತು ಎತ್ತಿದಾಗ ಅವರ ಮುಖ ಬಿಗಿಯಿತು. ಮೂರು ತಿಂಗಳು ಮಾತ್ರ, ಆಮೇಲೆ ಮುಚ್ಚಿಬಿಡುತ್ತೇನೆ ಎಂದೆ. ಅವರು ಕರಡಿಗೆಯ ಮೇಲೆ ಕೈಯಿಟ್ಟುಕೊಂಡರು.

"ಲಿಂಗ ಎದಮ್ಯಾಗದ. ಅದ್ರಿಂದ ಒಂದ್ ಗೇಣ್ ಕೆಳ್ಗ ಒಲಸು ಬತ್ತಿದ್ರ ನಾನ್ ಎಂಗ್ ಪೂಜ ಮಾಡ್ಲವ್ವ? ಪೂಜ ಇಲ್ದ ಎಂಗ್ ಉಣ್ಲಿ?"

ಎರಡು ಹೊತ್ತು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಯೇ ಬಾಯಿಗೆ ಏನನ್ನಾದರೂ ಹಾಕುವ ಮನೆತನ. ಆಮೇಲೆ ಅವರು ತಗ್ಗಿದ ದನಿಯಲ್ಲಿ ಇನ್ನೊಂದು ಹೇಳಿದರು. ಎರಡು ವರ್ಷದಿಂದ ಅವರಿಗೆ ಕೂರಲು ಆಗುತ್ತಿರಲಿಲ್ಲ. ಕುಳಿತರೆ ಉರಿ, ಸೀರೆಗೆ ರಸಿಗೆ, ರಕ್ತ. ಅಂಥ ಮೈಯಲ್ಲಿ ಲಿಂಗವನ್ನು ಕೈಗೆ ತೆಗೆದುಕೊಳ್ಳಲು ಮನಸ್ಸಾಗದೆ, ದೇವರ ಕೋಣೆಯ ಬಾಗಿಲು ಹಾಕಿಕೊಂಡು ನಿಂತೇ ಇದ್ದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದು ಉಣ್ಣುತ್ತಿದ್ದರು. ಮನೆಯವರಿಗೆ ಗೊತ್ತಿರಲಿಲ್ಲ.

"ಎಲ್ಡು ವರ್ಸದಿಂದ ಕಳ್ಳಿ ಅಂಗ ಉಂಡಿವ್ನಿ. ಸಾಯದ್ ಬಂದ್ರ ಬರ್ಲಿ. ಮಣ ಮ್ಯಾಗ ಕುಂತ್ಕಂಡು ಪೂಜ ಮಾಡಂಗ ಮಾಡ್ಕೊಡಿ, ಅಷ್ಟೆಯ."

ಕ್ಯಾನ್ಸರು ಎಂಬ ಪದವನ್ನು ನಾನು ಆಗಲೇ ಹೇಳಿದ್ದೆ. ಅದು ಅವರನ್ನು ತಟ್ಟಿದ್ದು ಕಡಿಮೆ. ಅವರು ನನ್ನ ಮುಂದಿಟ್ಟ ಕೆಲಸ ಬೇರೆಯೇ ಆಗಿತ್ತು. ರೋಗವನ್ನು ಪೂರ್ತಿ ತೆಗೆಯಬೇಕು, ಹೊಟ್ಟೆಗೆ ತೂತು ಬೀಳಬಾರದು, ಹೆಂಗಸು ಚಕ್ಕಳಮಕ್ಕಳ ಹಾಕಿ ಕೂರುವಂತಿರಬೇಕು. ಒಪ್ಪಿಕೊಂಡೆ.

ಚಾಮರಾಜನಗರದಲ್ಲಿ ದಾಖಲು ಮಾಡಿಕೊಂಡೆವು. ಉಪಾಯ ಹೀಗಿತ್ತು. ಪಟ್ಟೆಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ತೊಡೆಯಿಂದ ತೆಗೆದ ತೆಳುವಾದ ಚರ್ಮ ಹಾಸಿ ಹೊಲಿಯುವುದು. ಆ ಚರ್ಮ ಅಂಟಿಕೊಳ್ಳಲು ಎಂಟು ಹತ್ತು ದಿನ ಬೇಕು. ಅಷ್ಟು ದಿನ ಅದರ ಮೇಲೆ ಮಲ ಬೀಳಬಾರದು. ಹೊಟ್ಟೆಯ ಮೇಲೆ ದಾರಿ ಬೇಡವಾದರೆ ಇರುವ ದಾರಿಯನ್ನು ಕಟ್ಟಿಹಾಕಬೇಕು. ಮೊದಲು ಮೂರು ದಿನ ಎನಿಮಾ, ನೀರಾಹಾರ, ಸಲ್ಫಾ ಮಾತ್ರೆ ಕೊಟ್ಟು ಕರುಳು ಖಾಲಿ ಮಾಡುವುದು. ಶಸ್ತ್ರಕ್ರಿಯೆಯಾದ ಮೇಲೆ ಅಫೀಮಿನ ಅರಿಷ್ಟವನ್ನು ಹನಿ ಲೆಕ್ಕದಲ್ಲಿ ಕೊಟ್ಟು ಕರುಳನ್ನು ಮಲಗಿಸುವುದು, ಗಂಜಿಯ ತಿಳಿ, ಗ್ಲೂಕೋಸಿನ ನೀರು, ಸೋಸಿದ ಮಜ್ಜಿಗೆ ಬಿಟ್ಟು ಬೇರೇನೂ ಕೊಡದಿರುವುದು. ಇದನ್ನೆಲ್ಲ ಮಗನನ್ನು ಕೂರಿಸಿಕೊಂಡು ಅರ್ಧ ಗಂಟೆ ವಿವರಿಸಿದೆ. ಅವನು ತಲೆಯಾಡಿಸಿ, ಕಾಗದಕ್ಕೆ ರುಜು ಹಾಕಿ, ಗುಂಡ್ಲುಪೇಟೆ ಮಂಡಿಗೆ ಲಾರಿ ಬರುತ್ತದೆಂದು ಹೋದ. ಅತ್ತೆಯನ್ನು ನೋಡಿಕೊಳ್ಳಲು ಸೊಸೆ ಕೂಸನ್ನೆತ್ತಿಕೊಂಡು ಬಂದು ಉಳಿದಳು.

ಚರ್ಮ ತೆಗೆಯುವ ಉದ್ದನೆಯ ಕತ್ತಿ ನಮ್ಮಲ್ಲಿರಲಿಲ್ಲ, ಮೈಸೂರಿನಿಂದ ಎರವಲು ತರಿಸಿದೆ. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಮೇಜಿನ ಮೇಲೆ ಬೀಳುವ ಹೊತ್ತಿಗೆ ಶುರುಮಾಡಿದೆವು. ಆಸ್ಪತ್ರೆಯ ದೊಡ್ಡ ಡಾಕ್ಟರು ಬೆನ್ನಿಗೆ ಚುಚ್ಚುಮದ್ದು ಕೊಟ್ಟು, ಸೊಂಟದ ಕೆಳಗೆ ಜೋಮು ಹಿಡಿದ ಮೇಲೆ, ನಡುವೆ ಕಟ್ಟಿದ ಪರದೆಯ ಆಚೆ ರೋಗಿಯ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ನಾಡಿ ಹಿಡಿದು ಕುಳಿತರು. ಕೆಲಸ ಮುಗಿಯುವವರೆಗೆ ಈಚೆ ಬರುವುದಿಲ್ಲವೆಂದು ಹಂಗಳದಮ್ಮನಿಗೆ ಮಾತು ಕೊಟ್ಟಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಆ ಮನುಷ್ಯ ಕೊಟ್ಟ ಮಾತಿಗೆ ತಪ್ಪಲಿಲ್ಲ. ಲಿಂಗ ತೆಗೆದಿಡುವ ಮಾತೇ ಇರಲಿಲ್ಲ. ಎಚ್ಚರವಾಗಿಯೇ ಇದ್ದುದರಿಂದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಎದೆಯ ಮೇಲಿಟ್ಟುಕೊಂಡಿದ್ದರು.

ಕಾಲುಗಳನ್ನು ಹೆರಿಗೆಯ ಮೇಜಿನ ಹಾಗೆ ಎತ್ತಿ ಕಟ್ಟಿ, ಕೇರಳದ ಕಡೆಯ ನಮ್ಮ ನರ್ಸಮ್ಮ ಎದುರು ನಿಂತಳು. ಕಡ್ಡಿಯನ್ನು ನೇರಳೆ ಬಣ್ಣದಲ್ಲಿ ಅದ್ದಿ, ಪಟ್ಟೆಯ ಅಂಚಿನಿಂದ ಒಂದು ಬೆರಳಿನಷ್ಟು ಆಚೆಗೆ ಗೆರೆ ಎಳೆದೆ. ಮುಂದುಗಡೆ ಯೋನಿಯ ಕಡೆಗೆ ಗೆರೆ ಬಂದಾಗ ಕೈ ತಾನಾಗಿ ಜಿಪುಣವಾಯಿತು. ಅಲ್ಲಿ ಚರ್ಮವೇ ಕಡಿಮೆ. ಅರ್ಧ ಬೆರಳು ಬಿಟ್ಟು ತಿರುಗಿಸಿದೆ. ಗೆರೆಯ ಮೇಲೆ ಕತ್ತರಿಸಿ, ಚರ್ಮವನ್ನು ಕೆಳಗಿನ ಕೊಬ್ಬಿನ ಸಮೇತ, ಮಲವನ್ನು ಹಿಡಿದಿಡುವ ಸ್ನಾಯುವಿಗೆ ಏಟಾಗದಂತೆ ಮೆಲ್ಲಗೆ ಬಿಡಿಸುತ್ತ ಒಳಗಿನ ತೆಳುಪೊರೆಯವರೆಗೆ ಹೋದೆ. ತೆಗೆದ ಚರ್ಮವನ್ನು ರಟ್ಟಿನ ಮೇಲೆ ಗುಂಡುಸೂಜಿಯಲ್ಲಿ ಹರಡಿ, ಮೈಸೂರಿನಲ್ಲಿ ಪರೀಕ್ಷಿಸುವವರಿಗೆ ದಿಕ್ಕು ಗೊತ್ತಾಗಲೆಂದು ಮುಂದುಗಡೆಗೆ ಒಂದು ದಾರ, ಬಲಗಡೆಗೆ ಎರಡು ದಾರ ಹಾಕಿದೆ. ತೊಡೆಯ ಚರ್ಮ ಎರಡನೆಯ ಎಳೆತಕ್ಕೆ ಸರಿಯಾಗಿ ಬಂತು. ಸುತ್ತ ರೇಷ್ಮೆ ದಾರದ ಹೊಲಿಗೆ ಹಾಕಿ, ಮೇಲೆ ಪ್ಯಾರಾಫಿನ್ ಸವರಿದ ಬಟ್ಟೆಯ ಉಂಡೆಯಿಟ್ಟು, ಅದೇ ದಾರಗಳಿಂದ ಬಿಗಿದು ಕಟ್ಟಿದೆ. ಎರಡೂವರೆ ಗಂಟೆ ಹಿಡಿಯಿತು. ಹೊರಗೆ ಬಂದಾಗ ಕಾಲು ನನ್ನದೇ ಎನ್ನಿಸಲಿಲ್ಲ.

ನಾಲ್ಕು ದಿನ ಎಲ್ಲ ಸರಿಯಾಗಿತ್ತು. ಹಂಗಳದಮ್ಮ ಬೋರಲಾಗಿ ಮಲಗಿದ್ದರು. ಪೆನಿಸಿಲಿನ್ ಚುಚ್ಚಿಸಿಕೊಳ್ಳುವಾಗಲೂ ಗೊಣಗಲಿಲ್ಲ. ಐದನೆಯ ದಿನ ಬೆಳಿಗ್ಗೆ ನರ್ಸಮ್ಮ ನನ್ನ ಮನೆಯ ಬಾಗಿಲಿಗೆ ಬಂದು ಕರೆದಳು. ಹೋಗಿ ನೋಡಿದರೆ ಬಟ್ಟೆಯ ಉಂಡೆ ತೋಯ್ದು ಹೋಗಿತ್ತು, ಹಾಸಿಗೆ ತೋಯ್ದಿತ್ತು. ಕಟ್ಟಿಹಾಕಿದ ಕರುಳು ಒಮ್ಮೆಲೇ ಬಿಟ್ಟುಕೊಂಡಿತ್ತು. ಬೆಚ್ಚನೆಯ ಉಪ್ಪುನೀರು ಸುರಿದು ಸುರಿದು ಒಂದು ಗಂಟೆ ತೊಳೆದೆವು. ಹಿಂದುಗಡೆ ಮತ್ತು ಬಲಗಡೆ ಹಾಸಿದ್ದ ಚರ್ಮ ನೀರಿನ ಜೊತೆ ತೇಲಿ ಬಂತು. ಎಡಭಾಗ ಅರೆಬರೆ. ಮುಂದುಗಡೆಯದು ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಅಂಟಿತ್ತು.

ಮಂಚದ ಕೆಳಗೆ ಕಾಫಿ ಕುಡಿದ ಲೋಟ ಇತ್ತು. ನರ್ಸಮ್ಮ ಅದನ್ನೆತ್ತಿ ಮೂಸಿ ನನ್ನ ಕೈಗೆ ಕೊಟ್ಟಳು. ಹರಳೆಣ್ಣೆ.

ನಾನು ಆಗ ಆಡಿದ ಮಾತುಗಳನ್ನು ಬರೆಯಲು ನಾಚಿಕೆಯಾಗುತ್ತದೆ. ವಾರ್ಡಿನ ಹೆಂಗಸರೆಲ್ಲ ಎದ್ದು ಕುಳಿತಿದ್ದರು. ಸೊಸೆ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಬೋರಲು ಮಲಗಿದ್ದ ಹಂಗಳದಮ್ಮ ತಲೆಯೆತ್ತಿ, ತಾವೇ ಕೇಳಿ ಕುಡಿದದ್ದು, ಅವಳನ್ನು ಬೈಯಬೇಡಿ ಎಂದರು. ಅದು ಸುಳ್ಳು ಎಂದು ಎಲ್ಲರಿಗೂ ಗೊತ್ತಾಗುವಂತಿತ್ತು. ನರ್ಸಮ್ಮ ಆ ಹುಡುಗಿಯನ್ನು ಇವತ್ತೇ ಊರಿಗೆ ಕಳಿಸಿಬಿಡಬೇಕೆಂದಳು. ನಾನೂ ಹಾಗೆಯೇ ಅಂದುಕೊಂಡೆ.

ಮಧ್ಯಾಹ್ನ ಕೋಪ ಇಳಿದ ಮೇಲೆ ಸೊಸೆಯನ್ನು ನನ್ನ ಕೋಣೆಗೆ ಕರೆದು ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಎಣ್ಣೆ ಕೂಸಿಗೆಂದು ತಂದದ್ದಂತೆ. ಆ ಕಡೆಯ ಮನೆಗಳಲ್ಲಿ ಕೂಸಿಗೂ ಬಾಣಂತಿಗೂ ಹೊಟ್ಟೆ ಹಗುರವಾಗಲೆಂದು ಹರಳೆಣ್ಣೆ ಕೊಡುವುದು ಸ್ನಾನ ಮಾಡಿಸಿದಷ್ಟೇ ಸಹಜ. ಅವಳಿಗೆ ಬಾಣಂತನದಲ್ಲಿ ಕಾಫಿಯಲ್ಲಿ ಬೆರೆಸಿ ಕೊಟ್ಟವರೂ ಈ ಅತ್ತೆಯೇ. ಈಗ ಅತ್ತೆಯ ಹೊಟ್ಟೆ ಉಬ್ಬಿದೆ, ಐದು ದಿನದಿಂದ ಕಟ್ಟಿಕೊಂಡಿದೆ, ರಾತ್ರಿಯೆಲ್ಲ ನರಳುತ್ತಾರೆ. ಡಾಕ್ಟರುಗಳು ಅದನ್ನು ಗಮನಿಸಿಲ್ಲ, ಅವರಿಗೆ ಗಾಯದ್ದೇ ಚಿಂತೆ ಎಂದುಕೊಂಡಳಂತೆ. ಹೇಳುವಾಗ ಅವಳು ಅಳಲಿಲ್ಲ. ನೆಲ ನೋಡುತ್ತ, ದನಿ ಏರಿಸದೆ ಒಂದು ಮಾತು ಹೇಳಿದಳು.

"ನೀವು ನಮ್ ಯಜಮಾನ್ರಿಗ ಏಳುದ್ರಿ ಕನ್ರವ್ವ. ಅವ್ರು ರುಜು ಆಕ್ಬುಟ್ಟು ಮಂಡಿಗ ಓದ್ರು. ಅತ್ತಮ್ಮನ್ ಅತ್ರ ಇರೋಳು ನಾನು. ನಂಗ್ಯಾರೂ ಏನೂ ಏಳ್ಲಿಲ್ಲ."

ಅವಳು ಹೇಳಿದ್ದು ಸರಿ. ನಾನು ದಿನವೂ ಹೆಂಗಸರ ನಡುವೆಯೇ ಕೆಲಸ ಮಾಡುವವಳು, ಅವರನ್ನು ಕೇಳುವವರಿಲ್ಲವೆಂದು ಗಂಡಂದಿರನ್ನು ಬೈಯುವವಳು. ಅರ್ಧ ಗಂಟೆ ವಿವರಿಸಿದ್ದು ಮಾತ್ರ ರುಜು ಹಾಕುವವನಿಗೆ. ಗಂಜಿ ಕುಡಿಸುವವಳಿಗೆ, ಬಟ್ಟೆ ಬದಲಿಸುವವಳಿಗೆ ಇದು ಕೊಡು ಅದು ಕೊಡಬೇಡ ಎಂದಷ್ಟೇ ಹೇಳಿದ್ದೆ, ಅದೂ ನಡೆದುಕೊಂಡು ಹೋಗುತ್ತ.

ಆರು ದಿನದ ನಂತರ ಮೈಸೂರಿನ ಕಾಗದ ಬಂತು. ಒಂದು ದಾರ ಕಟ್ಟಿದ ಕಡೆ, ಅಂದರೆ ಮುಂದುಗಡೆ, ಅಂಚಿನವರೆಗೂ ರೋಗದ ಕಣಗಳಿವೆ ಎಂದು ಬರೆದಿತ್ತು. ನಾನು ಕೈ ಬಿಗಿಹಿಡಿದ ಜಾಗ. ಚೆನ್ನಾಗಿ ಅಂಟಿದ್ದ ಒಂದೇ ಒಂದು ಕಡೆಯನ್ನೇ ಮತ್ತೆ ಕಿತ್ತು ಹಾಕಬೇಕಿತ್ತು. ಉಳಿದ ಕಡೆ ರೋಗ ಹೋಗಿತ್ತು, ಆದರೆ ಚರ್ಮವಿರಲಿಲ್ಲ. ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ. ಅಷ್ಟು ದಣಿದ ದಿನ ನನಗೆ ಬೇರೆ ನೆನಪಿಲ್ಲ. ಹೊರಗೆ ಹೆರಿಗೆ ನೋವಿನಲ್ಲಿ ಯಾರೋ ಕೂಗುತ್ತಿದ್ದರು, ಎದ್ದು ಅಲ್ಲಿಗೆ ಹೋಗಬೇಕಿತ್ತು, ಹೋದೆ.

ದೊಡ್ಡ ಡಾಕ್ಟರು ಬೈಯಲಿಲ್ಲ. ಇನ್ನು ಮೈಸೂರಿಗೆ ಕಳಿಸಿ ಕೈತೊಳೆದುಕೊಳ್ಳಿ, ಅವರು ಹೊಟ್ಟೆಗೆ ದಾರಿ ಮಾಡಿ ನೋಡಿಕೊಳ್ಳುತ್ತಾರೆ ಎಂದರು. ಒಳ್ಳೆಯ ಮಾತೇ. ಆದರೆ ಹಂಗಳದಮ್ಮ ಮೈಸೂರಿಗೆ ಹೋಗುವುದಿಲ್ಲ, ಊರಿಗೆ ಹೋಗುತ್ತಾರೆ. ಹಸಿ ಗಾಯ, ಉಳಿದ ರೋಗ ಎರಡನ್ನೂ ಹೊತ್ತುಕೊಂಡು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವರ ಮಂಚದ ಪಕ್ಕದಲ್ಲಿ ನಿಂತು ನಿಜ ಹೇಳಿದೆ. ಎಣ್ಣೆಯಿಂದ ಚರ್ಮ ಹೋಯಿತು, ಅದು ಮತ್ತೆ ಹಾಸಬಹುದಾದದ್ದು. ರೋಗ ಉಳಿದದ್ದು ಎಣ್ಣೆಯಿಂದಲ್ಲ, ನಾನು ಸಾಕಷ್ಟು ಅಗಲವಾಗಿ ಕತ್ತರಿಸದೆ ಇದ್ದದ್ದರಿಂದ. ಅವರು ದಿಂಬಿಗೆ ಕೆನ್ನೆ ಒತ್ತಿಕೊಂಡೇ ಕೇಳಿದರು.

"ಅಂಗಾರ ನಿಮ್ದೊಂದು ತಪ್ಪು, ನಮ್ದೊಂದು ತಪ್ಪು. ಸರಿ ಓಯ್ತು ಬುಡಿ" ಎಂದರು. "ಇನ್ನೊಂದ್ ದಪ ಕೊಯ್ದು ನೋಡಿ. ಒಟ್ಟಗ ಮಾತ್ರ ತೂತು ಬ್ಯಾಡ."

ಈ ಸಲ ಕತ್ತಿ ಹಿಡಿಯುವ ಮೊದಲು ಗಡಿ ಗೊತ್ತಾಗಬೇಕು ಎಂದು ನಿರ್ಧರಿಸಿದೆ. ಕಣ್ಣಿಗೆ ಕಾಣದ ರೋಗವನ್ನು ಕಣ್ಣಳತೆಯಲ್ಲಿ ಕತ್ತರಿಸಲು ಹೊರಟದ್ದೇ ನನ್ನ ತಪ್ಪಾಗಿತ್ತು. ಗಾಯದ ಸುತ್ತ, ಚೆನ್ನಾಗಿಯೇ ಕಾಣುತ್ತಿದ್ದ ಚರ್ಮದಿಂದ, ಹೊಲಕ್ಕೆ ಎಲ್ಲೆಕಲ್ಲು ನೆಟ್ಟ ಹಾಗೆ ಎಂಟು ಕಡೆ ಅಕ್ಕಿಕಾಳಿನಷ್ಟು ಚೂರು ತೆಗೆದೆ. ಎಂಟು ಪೆನಿಸಿಲಿನ್ ಸೀಸೆ ತೊಳೆದು, ನಂಬರು ಅಂಟಿಸಿ, ಒಂದೊಂದರಲ್ಲಿ ಒಂದೊಂದು ಹಾಕಿದೆ. ಹಾಳೆಯ ಮೇಲೆ ಚಿತ್ರ ಬರೆದು ನಂಬರು ಗುರುತು ಮಾಡಿದೆ. ಮಗ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋದ. ಪ್ರೊಫೆಸರು ಬೇರೆ ಕೆಲಸ ಬದಿಗಿಟ್ಟು ನೋಡಿದರೂ ಒಂಬತ್ತು ದಿನ ಹಿಡಿಯಿತು.

ಆ ಒಂಬತ್ತು ದಿನ ಹಸಿ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ತೊಳೆದು ಕೆಂಪಗೆ, ಶುಚಿಯಾಗಿ ತಂದೆವು. ಸಂಜೆ ಮನೆಗೆ ಹೋದಮೇಲೆ ನಾನು ಊಟದ ಮೇಜಿನ ಮೇಲೆ ಹಳೆಯ ಜಮಖಾನದ ತುಂಡು ಹರಡಿ ಕತ್ತರಿ ಹಿಡಿಯುತ್ತಿದ್ದೆ. ತೆಳುವಾದ ತೊಡೆಯ ಚರ್ಮ ಇನ್ನೊಮ್ಮೆ ಹಾಸಿದರೆ ಇನ್ನೊಮ್ಮೆ ಹೋಗಬಹುದು. ಅದಕ್ಕೆ ಸ್ವಂತ ರಕ್ತವಿಲ್ಲ. ಪೃಷ್ಠದ ಚರ್ಮವನ್ನು ಎರಡೂ ಕಡೆ ತ್ರಿಕೋನವಾಗಿ ಕತ್ತರಿಸಿ, ಅಡಿಯ ಕೊಬ್ಬಿನಿಂದ ಬಿಡಿಸದೆ, ಹಾಗೆಯೇ ಒಳಕ್ಕೆ ಜಾರಿಸಿ ತಂದು ಗಾಯ ಮುಚ್ಚಿದರೆ? ಅದು ತನ್ನ ರಕ್ತವನ್ನು ತಾನೇ ತರುತ್ತದೆ. ಸ್ವಲ್ಪ ಮಲ ತಾಗಿದರೂ ಸಾಯುವುದಿಲ್ಲ, ತೊಳೆದರೆ ಆಯಿತು. ಹಾಗಾದರೆ ಹತ್ತು ದಿನ ಹೊಟ್ಟೆ ಕಟ್ಟುವ ಅಗತ್ಯವೂ ಇಲ್ಲ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಕೈಯಾರೆ ಮಾಡಿರಲಿಲ್ಲ. ಎಷ್ಟು ದೊಡ್ಡ ತ್ರಿಕೋನ ಎಷ್ಟು ದೂರ ಜಾರುತ್ತದೆ, ಹಿಂದೆ ಉಳಿದ ಸಂದು ಹೇಗೆ ಮುಚ್ಚುತ್ತದೆ ಎಂದು ಜಮಖಾನ ಮುಗಿಯುವವರೆಗೆ ಕತ್ತರಿಸಿ ಹೊಲಿದೆ.

ಸೊಸೆಯನ್ನು ಊರಿಗೆ ಕಳಿಸಲಿಲ್ಲ. ಅವಳನ್ನೂ ನರ್ಸಮ್ಮನನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, ಜಮಖಾನದ ಕೊನೆಯ ತುಂಡಿನ ಮೇಲೆಯೇ ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ, ಯಾವ ಮೂಲೆ ಕಪ್ಪಾದರೆ ಭಯ, ಹೊಟ್ಟೆ ಎಷ್ಟು ದಿನ ಕಟ್ಟಿದರೆ ತೊಂದರೆಯಿಲ್ಲ ಎಂದು ತೋರಿಸಿದೆ. ನಡುನಡುವೆ ಅವಳು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನೂ ಅವಳ ಗಂಡ ಕೇಳಿರಲಿಲ್ಲ. ಗಾಯ ತೊಳೆಯುವುದು, ಆಹಾರ, ಹೊಟ್ಟೆ ಬಿಡಿಸುವ ಎಣ್ಣೆ ಎಲ್ಲ ನಿನ್ನ ಕೈಯಲ್ಲಿ, ನನ್ನನ್ನು ಕೇಳಿ ಕೊಡು ಎಂದೆ. ನರ್ಸಮ್ಮ ಮೂಗು ಮುರಿದಳು.

ಎಂಟು ಚೂರುಗಳಲ್ಲಿ ಏಳು ಶುದ್ಧ. ಮುಂದುಗಡೆ ಎಡಕ್ಕೆ ತೆಗೆದ ಮೂರನೆಯ ನಂಬರಿನಲ್ಲಿ ಮಾತ್ರ ರೋಗ ಇತ್ತು. ಯೋನಿಯ ತುಟಿಯ ಕಡೆಗೆ ಅದು ನಾನು ಊಹಿಸದಷ್ಟು ದೂರ ಹೋಗಿತ್ತು. ಆ ಒಂದು ನಂಬರು ನೋಡದೆ ಕತ್ತರಿಸಿದ್ದರೆ ಮತ್ತೆ ಅಲ್ಲೇ ತಪ್ಪುತ್ತಿದ್ದೆ.

ಎರಡನೆಯ ಸಲ ಮುಂದುಗಡೆಯ ಗುಲಾಬಿ ಚರ್ಮವನ್ನು ನಾನೇ ಕಿತ್ತೆ. ಮನಸ್ಸಿಗೆ ಕಷ್ಟವಾಯಿತು, ಕೈ ಈ ಸಲ ಜಿಪುಣವಾಗಲಿಲ್ಲ. ಎಡಗಡೆ ತುಟಿಯ ಕೆಳಭಾಗ ಸೇರಿಸಿ, ಎರಡು ಬೆರಳು ಆಚೆಗೆ ತೆಗೆದೆ. ಬಲಗಡೆಯ ತ್ರಿಕೋನ ಜಮಖಾನದಲ್ಲಿ ಜಾರಿದ ಹಾಗೆಯೇ ಜಾರಿ ಬಂತು. ಒಳಗಿನ ಪೊರೆಗೆ ಅದನ್ನು ಹೊಲಿದು ಎಡಗಡೆ ಶುರುಮಾಡುವ ಹೊತ್ತಿಗೆ ಬೆನ್ನಿನ ಮದ್ದು ಇಳಿಯತೊಡಗಿತು. ಹಂಗಳದಮ್ಮನ ಕಾಲು ನಡುಗಿತು. ಪರದೆಯ ಆಚೆಯಿಂದ ದೊಡ್ಡ ಡಾಕ್ಟರು ಈಥರ್ ಕೊಡಲೇ ಎಂದು ಕೇಳಿದರು. ಈಥರ್ ಕೊಟ್ಟರೆ ಎಚ್ಚರವಾಗುವಾಗ ವಾಂತಿ, ಕೆಮ್ಮು, ತಿಣುಕಾಟ. ಹೊಸ ಹೊಲಿಗೆ ತಾಳುವುದಿಲ್ಲ. ಬೇಡ ಎಂದೆ. ಚರ್ಮದ ಸುತ್ತ ಪ್ರೊಕೇನ್ ಚುಚ್ಚುತ್ತ ಮುಂದುವರಿಸಿದೆ. ಅದು ಎಲ್ಲ ಕಡೆಗೂ ಹಿಡಿಯಲಿಲ್ಲ. ನೋಯುತ್ತಿದೆಯೇ ಎಂದು ಕೇಳಿದರೆ ಅವರು ಶಿವ ಶಿವ ಎನ್ನುವುದನ್ನು ನಿಲ್ಲಿಸಿ, "ನೀವು ನಿಮ್ ಕೆಲ್ಸ ನೋಡ್ಕಳಿ" ಎಂದರು. ಉಳಿದ ಇಪ್ಪತ್ತಾರು ಹೊಲಿಗೆಗಳನ್ನು ನಾನು ಒಂದೊಂದಾಗಿ ಮನಸ್ಸಿನಲ್ಲಿ ಎಣಿಸಿದೆ. ಮುಗಿದ ಮೇಲೆ ದೊಡ್ಡ ಡಾಕ್ಟರು ಅವರ ಮುಷ್ಟಿ ಬಿಡಿಸಲು ಹೋಗಿ, ಕರಡಿಗೆ ಮುಟ್ಟಬಾರದೆಂದು ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡರಂತೆ. ಕರಡಿಗೆಯ ಅಂಚಿನ ಗುರುತು ಅವರ ಅಂಗೈಯಲ್ಲಿ ಮಾರನೆಯ ದಿನವೂ ಇತ್ತು.

ಮುಂದಿನ ದಿನಗಳು ಸೊಸೆಯವು. ಕೂಸಿಗೆ ಹಾಲು ಕುಡಿಸಿ ಮಲಗಿಸಿ, ಕೈ ತೊಳೆದು, ಅತ್ತೆಯ ಗಾಯ ತೊಳೆಯುತ್ತಿದ್ದಳು. ನಾನು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತು ವರದಿ ಒಪ್ಪಿಸುತ್ತಿದ್ದಳು. ಮೂರನೆಯ ದಿನ, "ಬಲ್ಗಡ ಮೂಲ ಒಸಿ ಕಪ್ಗಾಗದ ಕನ್ರವ್ವ, ಉಣ್ಸ ಬೀಜದಷ್ಟು" ಎಂದಳು. ಹೋಗಿ ನೋಡಿದೆ. ಸರಿಯಾಗಿ ಹುಣಸೆಬೀಜದಷ್ಟೇ ಇತ್ತು. ಅಲ್ಲಿ ಎರಡು ಹೊಲಿಗೆ ಸಡಿಲಿಸಿದೆ. ಕಪ್ಪು ಅಷ್ಟಕ್ಕೇ ನಿಂತಿತು, ವಾರದಲ್ಲಿ ಸಿಪ್ಪೆಯಾಗಿ ಉದುರಿತು. ಆರನೆಯ ದಿನ ನನ್ನ ಅಪ್ಪಣೆ ಪಡೆದು ಎಣ್ಣೆ ಕೊಟ್ಟದ್ದೂ ಅವಳೇ. ಈ ಸಲ ಪ್ಯಾರಾಫಿನ್ ಎಣ್ಣೆ, ಹರಳೆಣ್ಣೆಯಲ್ಲ. ಹೊಟ್ಟೆ ಬಿಟ್ಟಿತು, ತೊಳೆದಳು, ಹೊಲಿಗೆ ಕದಲಲಿಲ್ಲ. ನರ್ಸಮ್ಮ ಅಂದು ಆ ಕೂಸನ್ನು ಮೊದಲ ಸಲ ಎತ್ತಿಕೊಂಡಳು. ಮೈಸೂರಿನಿಂದ ಬಂದ ಕಾಗದದಲ್ಲಿ ಈ ಸಲ ಎಲ್ಲ ಅಂಚುಗಳೂ ಶುದ್ಧ ಎಂದಿತ್ತು.

ಆಸ್ಪತ್ರೆ ಸೇರಿದ ಏಳನೆಯ ವಾರ ಹಂಗಳದಮ್ಮ ಊರಿಗೆ ಹೋದರು. ಗಾಯ ಮಾಗುವಾಗ ದಾರಿ ಕಿರಿದಾಗದಂತೆ ಬೆರಳಿನಿಂದ ಹಿಗ್ಗಿಸುವುದನ್ನು ಸೊಸೆಗೆ ಕಲಿಸಿ ಕಳಿಸಿದೆ. ಎರಡು ತಿಂಗಳು ಗುಂಡ್ಲುಪೇಟೆಗೆ ಬಂದು ತೋರಿಸಿದರು. ಕೂರುವುದನ್ನು ಮಾತ್ರ ನಾನು ನೋಡಲೇ ಇಲ್ಲ. ನನ್ನ ಕೋಣೆಯಲ್ಲಿ ಬೆಂಚಿನ ತುದಿಯಲ್ಲಿ ಒಂದು ಪಕ್ಕಕ್ಕೆ ಒರಗಿ ಕೂರುತ್ತಿದ್ದರು. ನೆಲದ ಮೇಲೆ ಕೂರುತ್ತೀರಾ ಎಂದರೆ ನೋಡನ ನೋಡನ ಎನ್ನುತ್ತಿದ್ದರು. ಆಮೇಲೆ ಎರಡು ಗುರುವಾರ ಬರಲಿಲ್ಲ. ಮೂರನೆಯ ಗುರುವಾರವೂ ಬರಲಿಲ್ಲ.

ರೋಗ ಮತ್ತೆ ಬಂದಿರಬಹುದು, ಹೇಳಲು ಮನಸ್ಸಿಲ್ಲದೆ ಮನೆಯಲ್ಲಿ ಕುಳಿತಿರಬಹುದು ಎಂಬ ಹೆದರಿಕೆ ನನಗೆ ಹತ್ತಿತು. ಅಂದು ಬೇಗ ಮುಗಿಸಿ ಊಟಿ ಕಡೆಯ ಬಸ್ಸು ಹತ್ತಿ ಹಂಗಳದಲ್ಲಿ ಇಳಿದೆ. ಮನೆ ಕೇಳಿಕೊಂಡು ಹೋದೆ. ಸೊಸೆ ಬಾಗಿಲಲ್ಲಿ ನನ್ನನ್ನು ಕಂಡು ಬೆರಗಾಗಿ, ಅತ್ತೆ ಪೂಜೆಯಲ್ಲಿದ್ದಾರೆ ಎಂದು ಪಿಸುಗುಟ್ಟಿದಳು. ಕಾಫಿ ತಂದುಕೊಟ್ಟಳು. ಲೋಟ ಬಾಯಿಗೆ ತರುವ ಮುನ್ನ ನಾನು ಅದನ್ನು ಮೂಸಿದೆ. ಬೇಕೆಂದು ಮಾಡಿದ್ದಲ್ಲ. ಅವಳು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ನಕ್ಕಳು.

ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಂಗೈಯಲ್ಲಿಟ್ಟ ಲಿಂಗವನ್ನು ಬೇರೆಯವರು ನೋಡಬಾರದು. ಆದರೆ ನಾನು ನಿಂತಲ್ಲಿಂದ ಅವರ ಬೆನ್ನಷ್ಟೇ ಕಾಣುತ್ತಿತ್ತು, ನನಗೆ ಬೇಕಾಗಿದ್ದದ್ದೂ ಅಷ್ಟೆ. ಮರದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಭಾರ ಎರಡೂ ಕಡೆ ಸಮ. ಒಂದು ಪಕ್ಕಕ್ಕೆ ವಾಲಿಲ್ಲ, ಮೈ ಬದಲಿಸುತ್ತಿಲ್ಲ. ಕಂಬಕ್ಕೆ ಒರಗಿ ನಿಂತು ನೋಡಿದೆ. ವಾಪಸು ಹೋಗುವ ಬಸ್ಸು ಬಂದು ಹಾರನ್ನು ಮಾಡಿ ಹೋದದ್ದು ಕೇಳಿಸಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಪೂಜೆ ಮುಗಿಸಿ, ನೆಲಕ್ಕೆ ಕೈಯೂರದೆ ಎದ್ದು ಹೊರಗೆ ಬಂದರು. ನನ್ನನ್ನು ನೋಡಿ, ಕೂಗಬಾರದಾಗಿತ್ತೇ ಎಂದು ಸೊಸೆಯನ್ನು ಗದರಿದರು. ಒಳಕೋಣೆಯಲ್ಲಿ ಕಿಟಕಿ ತೆರೆಸಿ ನೋಡಿದೆ. ತೆಳ್ಳಗಿನ ಎರಡು ಬಿಳಿ ಗೆರೆ, ಮೃದುವಾದ ಚರ್ಮ, ಎಲ್ಲಿಯೂ ಹೊಸ ಕೆಂಪಿಲ್ಲ. ರೋಗ ಮತ್ತೆ ಬರಲಾರದೆಂದು ಹೇಳುವ ಧೈರ್ಯ ನನಗಿರಲಿಲ್ಲ. ತಿಂಗಳಿಗೊಮ್ಮೆ ಬರಲೇಬೇಕು, ಮೂರು ವಾರ ಯಾಕೆ ಬರಲಿಲ್ಲ ಎಂದು ಗದರಲು 'ಏನು ಹಂಗಳದಮ್ಮ' ಎಂದು ಶುರುಮಾಡಿದೆ. ಪೂಜೆ ಈಗ ನಿಧಾನವಾಗಿ ಮಾಡುತ್ತೇನೆ, ಎರಡು ವರ್ಷದ್ದು ಬಾಕಿ ಇತ್ತು, ಬಸ್ಸಿನ ಹೊತ್ತು ತಪ್ಪಿಹೋಗುತ್ತದೆ ಎಂದರು. ಬೈಗುಳ ಅಲ್ಲಿಗೇ ನಿಂತಿತು.

ನಡುಮನೆಗೆ ಬಂದಾಗ ಅವರು ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಮಣೆಯನ್ನು ತಂದು ನೆಲಕ್ಕೆ ಹಾಕಿದರು. ತಾವು ಎದುರಿಗೆ ಬರೀ ನೆಲದ ಮೇಲೆ ಕಾಲು ಮಡಚಿ ಕುಳಿತರು. ಚಪ್ಪಲಿ ಬಿಟ್ಟಿದ್ದ ನನ್ನ ಊದಿದ ಕಾಲನ್ನು ನೋಡಿದರು.

"ಕಂಡಾಗೆಲ್ಲ ನಿಂತೇ ಇರ್ತೀರಿ ಡಾಕ್ಟ್ರಮ್ಮ" ಎಂದರು. "ನೀವೂ ಒಸಿ ಕುಂತ್ಕಳಿ."

ಕುಳಿತೆ.